ಹದಿನೈದು ಡೋಸಿನ ಸೂಜಿಯಕ್ಕ

ನಮ್ಮ ಆಸ್ಪತ್ರೆಯ ಆಡಳಿತದವರಿಗೆ ನಿರೀಕ್ಷೆಗಳು ಜಾಸ್ತಿ. ಯಾರಿಗಾದರೂ ಏನಾದರೂ ಕೊಡಬೇಕಾಗಿ ಬಂದಾಗ ಅವರಿಗೆ ಕಿವಿ ಮಂದ, ಕಣ್ಣು ಮಂಜು. ಯಾರಿಂದಲಾದರೂ ಏನಾದರೂ ಬೇಕಾದಾಗ ಮಾತ್ರ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬಂದು ಕೂರುತ್ತದೆ, ಅದರ ಕೊನೆಗೆ 'ನಿರೀಕ್ಷಿಸಲಾಗಿದೆ' ಎಂದಿರುತ್ತದೆ. ನಗುಮುಖ ನಿರೀಕ್ಷಿಸಲಾಗಿದೆ. ಸಮಯಪಾಲನೆ ನಿರೀಕ್ಷಿಸಲಾಗಿದೆ. ಲಿಫ್ಟ್ ಕೆಟ್ಟು ಮೂರು ತಿಂಗಳಾದರೂ ಸಹಕಾರ ನಿರೀಕ್ಷಿಸಲಾಗಿದೆ. ನಾನು ಈ ಕಟ್ಟಡದ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬಟ್ಟೆ ಒಗೆಯುವವಳು. ಈ ಹಾಳೆಗಳನ್ನೆಲ್ಲ ಓದಿ ನನಗೆ ಬಂದಿರುವ ತಿಳಿವಳಿಕೆ ಇಷ್ಟೇ: ನಿರೀಕ್ಷೆ ನೆಲಮಾಳಿಗೆಯವರೆಗೂ ಇಳಿದು ಬರುತ್ತದೆ, ಲಸಿಕೆ ಮಾತ್ರ ಎರಡನೇ ಮಹಡಿಯಲ್ಲೇ ನಿಂತುಬಿಡುತ್ತದೆ.

ಎರಡನೇ ಮಹಡಿಯ ಲಸಿಕೆ ಕೋಣೆ ಎಂದರೆ ಸೂಜಿಯಕ್ಕ. ಆಕೆಯ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಿಸುವುದಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಅದೇ ಕೋಣೆ, ಅದೇ ನೀಲಿ ಪರದೆ, ಕೈ ಹರಿದು ಪ್ಲಾಸ್ಟರ್ ಸುತ್ತಿಸಿಕೊಂಡ ಅದೇ ಕುರ್ಚಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಲಸಿಕೆ ಫ್ರಿಜ್ಜಿನ ಉಷ್ಣಾಂಶ ನೋಡಿ ಬರೆದಿಡುವಾಗ ಆಕೆಯ ಮುಖದಲ್ಲಿ ಮಗುವಿನ ಜ್ವರ ನೋಡುವ ತಾಯಿಯ ಕಳವಳ ಇರುತ್ತದೆ. ದಪ್ಪ ಕನ್ನಡಕ, ದಪ್ಪ ಸೊಂಟ, ಕೈ ಮಾತ್ರ ಹೂವಿನಂಥದ್ದು. ಸೂಜಿ ಹೋದದ್ದೂ ಗೊತ್ತಾಗುವುದಿಲ್ಲ, ಬಂದದ್ದೂ ಗೊತ್ತಾಗುವುದಿಲ್ಲ. ಕಿರುಚುವ ಮಕ್ಕಳಿಗೂ, ಒಳಗೊಳಗೇ ಕಿರುಚುವ ಅವರ ಅಪ್ಪಂದಿರಿಗೂ ಆಕೆಯದು ಒಂದೇ ಮಾತು: "ಇರುವೆ ಕಚ್ಚಿದ ಹಾಗೆ, ಅಷ್ಟೇ."

ಆಕೆಯ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಒಂದು ಮಧ್ಯಾಹ್ನ ನಾನು ಹೋದಾಗ ಸೂಜಿಯಕ್ಕ ಯೂನಿಫಾರ್ಮಿನ ಗುಂಡಿ ಕಿತ್ತುಹೋಗಿದೆ ಎಂದು ಗಂಡನ ಮುಂದೆ ಕೈಕಟ್ಟಿ ನಿಂತಿದ್ದರು. ಗಂಡ ನನ್ನ ಕಡೆ ತಿರುಗಿ, ನೋಡಮ್ಮ, ಊರಿಗೆಲ್ಲ ಸೂಜಿ ಚುಚ್ಚುತ್ತಾಳೆ, ಮನೆಯಲ್ಲಿ ಒಂದು ಗುಂಡಿಗೂ ಸೂಜಿ ಮುಟ್ಟಳು ಎಂದು ದೂರಿದರು. ಆಸ್ಪತ್ರೆಯಲ್ಲಿ ಹಿಡಿದದ್ದು ಸಾಲದೇ ಎಂದು ಸೂಜಿಯಕ್ಕ ರೇಗಿದರು. ನಾನೂ ಹೌದು ಹೌದು ಎಂದು ತಲೆಯಾಡಿಸಿದೆ. ಬಟ್ಟೆ ಒಗೆಯುವವಳ ಮನೆಯ ಬಟ್ಟೆ ರಾಶಿ ನೀವು ನೋಡಬೇಕು.

ಈಗ ನಮ್ಮ ವಿಷಯ. ನಾವು ಐವರು ಹೆಂಗಸರು. ಗುತ್ತಿಗೆಯವರು. ಸುತ್ತೋಲೆಯ ಭಾಷೆಯಲ್ಲಿ 'ರೋಗಿಗಳ ಸಂಪರ್ಕಕ್ಕೆ ಬಾರದ ಸಿಬ್ಬಂದಿ'. ನಿಜ, ನಾವು ರೋಗಿಗಳನ್ನು ಮುಟ್ಟುವುದೇ ಇಲ್ಲ. ಅವರೊಳಗಿಂದ ಹೊರಗೆ ಬಂದದ್ದನ್ನು ಮಾತ್ರ ಮುಟ್ಟುತ್ತೇವೆ. ಆಪರೇಷನ್ ಕೋಣೆಯಿಂದ, ಹೆರಿಗೆ ವಾರ್ಡಿನಿಂದ, ಎಲ್ಲ ಕಡೆಯಿಂದ ಗಂಟು ಕಟ್ಟಿದ ಬೆಡ್‌ಶೀಟುಗಳು ನಮ್ಮ ಉದ್ದನೆಯ ಮೇಜಿನ ಮೇಲೆ ಬೀಳುತ್ತವೆ. ಅವನ್ನು ಬಿಚ್ಚಿ, ಕೊಡವಿ, ವಿಂಗಡಿಸಿ ಯಂತ್ರಕ್ಕೆ ತುಂಬುವುದು ನಮ್ಮ ಕೆಲಸ. ಬಿಚ್ಚಿದಾಗ ಏನೇನು ಸಿಗುತ್ತದೆ ಕೇಳಬೇಡಿ. ಹಲ್ಲಿನ ಸೆಟ್ಟು ಸಿಕ್ಕಿದೆ, ಬಾಚಣಿಗೆ ಸಿಕ್ಕಿದೆ, ಒಂದು ಸಲ ಯಾರೋ ಸೊಸೆ ಅತ್ತೆಯನ್ನು ಬೈದು ಬರೆದ ನಾಲ್ಕು ಪುಟದ ಕಾಗದ ಸಿಕ್ಕಿತ್ತು. ಬಲು ಚೆನ್ನಾಗಿತ್ತು, ಐವರೂ ಕೂತು ಓದಿದೆವು. ಇವೆಲ್ಲದರ ಜೊತೆಗೆ ಸೂಜಿಗಳೂ ಸಿಗುತ್ತವೆ. ಅವಸರದಲ್ಲಿರುವ ದೊಡ್ಡವರು ಸಿರಿಂಜನ್ನು ಡಬ್ಬಕ್ಕೆ ಹಾಕುವ ಬದಲು ಹಾಸಿಗೆಯ ಮೇಲೆ ಇಟ್ಟು ಮರೆಯುತ್ತಾರೆ. ಅವರಿಗೆ ಮರೆವು, ನಮಗೆ ಬೆರಳು.

ಹತ್ತು ವರ್ಷದ ಹಿಂದೆ ಒಂದು ಸೋಮವಾರ ಅಂಥದ್ದೊಂದು ಸೂಜಿ ಕೈಗವಸು ತೂರಿ ನನ್ನ ಹೆಬ್ಬೆರಳಿಗೆ ನೆಟ್ಟಗೆ ನಾಟಿತು. ಯಾರ ಸೂಜಿ, ಯಾರ ರಕ್ತ, ದೇವರೇ ಬಲ್ಲ. ರಕ್ತದಿಂದ ರಕ್ತಕ್ಕೆ ಹರಡಿ ಲಿವರನ್ನೇ ತಿಂದುಹಾಕುವ ಹೆಪಟೈಟಿಸ್ ಕಾಮಾಲೆಯ ಬಗ್ಗೆ ವಾರ್ಡಿನಲ್ಲಿ ಕೇಳಿದ್ದೆ. ಸೋಮವಾರ ಬೆಳಿಗ್ಗೆ ಲಸಿಕೆ ಕೋಣೆಗೆ ಒಗೆದ ಬಟ್ಟೆ ಒಯ್ಯುವುದು ನನ್ನ ಪಾಳಿ. ಬೆರಳು ತೊಳೆದು, ಬಟ್ಟೆಯ ಗಾಡಿ ತಳ್ಳಿಕೊಂಡು ಹೋಗಿ ಸೂಜಿಯಕ್ಕನ ಮುಂದೆ ಹೆಬ್ಬೆರಳು ಹಿಡಿದೆ. ಅವತ್ತೇ ಸಿಬ್ಬಂದಿಗೆ ಮೊದಲ ಸಲ ಆ ಕಾಮಾಲೆಯ ಲಸಿಕೆ ಹಾಕುವ ದಿನ. ಬಾಗಿಲು ಇನ್ನೂ ತೆರೆದಿರಲಿಲ್ಲ. ಆಕೆ ಯೂನಿಫಾರ್ಮಿನ ಒಂದು ತೋಳು ಮಡಚಿಕೊಂಡು, ತುಂಬಿದ ಸಿರಿಂಜನ್ನು ಟ್ರೇಯಲ್ಲಿ ಇಟ್ಟುಕೊಂಡು ಒಬ್ಬರೇ ಕೂತಿದ್ದರು.

ಇಲ್ಲಿ ಒಂದು ಕ್ರಮ ಹೇಳಬೇಕು. ಆ ವರ್ಷದಿಂದ ಎರಡು ವರ್ಷಕ್ಕೊಮ್ಮೆ ಸಿಬ್ಬಂದಿಯ ಲಸಿಕೆ ಸುತ್ತು. ಒಂದು ಸುತ್ತಿಗೆ ಮೂರು ಡೋಸು. ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಲಸಿಕೆ ಹಾಕುವವರೇ ಹಾಕಿಸಿಕೊಂಡು ಪಟ್ಟಿಯ ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆಯಬೇಕು, ಆಗ ಬೇರೆಯವರಿಗೆ ಧೈರ್ಯ ಬರುತ್ತದೆ ಎಂದು ದೊಡ್ಡ ಸಾಹೇಬರ ಅಪ್ಪಣೆ. ಸಾಹೇಬರು ಈ ಕಟ್ಟಡಕ್ಕೆಲ್ಲ ಮುಖ್ಯಸ್ಥರು. ಮಾದರಿಯಾಗಿರುವುದು ಎಂದರೆ ಅವರಿಗೆ ಪ್ರಾಣ, ಆಗುವವರು ಬೇರೆಯವರಾದರೆ. ಒಬ್ಬಾಕೆ ಈಗಾಗಲೇ ಹಾಕಿಸಿಕೊಂಡಿದ್ದಾಳೆ, ಮತ್ತೆ ಮತ್ತೆ ಏಕೆ ಎಂದು ಕೇಳುವ ಪುಣ್ಯಾತ್ಮರು ಯಾರೂ ಇರಲಿಲ್ಲ. ಪಟ್ಟಿಯಲ್ಲಿ ಎಷ್ಟು ಹೆಸರೋ ಅಷ್ಟು ಡೋಸು ಲೆಕ್ಕಕ್ಕೆ ಸಿಕ್ಕಿದರೆ ಮುಗಿಯಿತು.

ನನ್ನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಸೂಜಿಯಕ್ಕ ನನ್ನ ಬೆರಳು ನೋಡಿದರು, ಸಿರಿಂಜು ನೋಡಿದರು, ಮಡಚಿದ ತೋಳನ್ನು ಸರಕ್ಕನೆ ಇಳಿಸಿಕೊಂಡು ಎದ್ದರು.

"ಕೂತ್ಕೊಳ್ಳೇ ಇಲ್ಲಿ. ತೋಳು ತೆಗಿ."

"ನಾನು ಲಿಸ್ಟಲ್ಲಿ ಇಲ್ಲ ಅಕ್ಕ."

"ನಾನಿದ್ದೀನಲ್ಲ."

ಇರುವೆ ಕಚ್ಚಿದ ಹಾಗೆ, ಅಷ್ಟೇ. ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದು ಬಾಗಿಲು ತೆರೆದರು. ಆಮೇಲೆ ನನ್ನನ್ನು ಎಳೆದುಕೊಂಡು ಹೋಗಿ ಪರಿಚಯದ ಡಾಕ್ಟರೊಬ್ಬರ ಹತ್ತಿರ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಆರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಿದಾಗಲೂ ಏನೂ ಅಂಟಿರಲಿಲ್ಲ. ತಿಂಗಳ ಮೇಲೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ನನಗೇ ಬಿತ್ತು. ಎರಡು ವರ್ಷ ಕಳೆದು ಮುಂದಿನ ಸುತ್ತು ಬಂದಾಗ, ಸೋಮವಾರದ ಬಟ್ಟೆಯ ಜೊತೆ ನಿಮ್ಮ ಇಸ್ತ್ರಿಯವಳನ್ನು ಕಳಿಸು ಎಂದರು. ಹಾಗೆ ಐದು ಸುತ್ತಿನಲ್ಲಿ ನಾವು ಐವರೂ ಒಬ್ಬೊಬ್ಬರಾಗಿ ನೀಲಿ ಪರದೆಯ ಹಿಂದೆ ಕೂತು ಎದ್ದು ಬಂದೆವು. ಪುಸ್ತಕದಲ್ಲಿ ಮಾತ್ರ ಸೂಜಿಯಕ್ಕನೊಬ್ಬರೇ ಹದಿನೈದು ಡೋಸು ನುಂಗಿ ಕೂತರು. ನಾವು ನೆಲಮಾಳಿಗೆಯಲ್ಲಿ ಆಕೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮೆರೆದೆವು. ನಮ್ಮ ಪಾಲಿಗೆ ಆಕೆ ಸಾಕ್ಷಾತ್ ತ್ಯಾಗಮೂರ್ತಿ.

ಈ ವರ್ಷದ ಹಾಳೆ ಬಂತು ನೋಡಿ. ಸೋಂಕು ತಡೆಗೆಂದು ಹೊಸದಾಗಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಿದ್ದರು, ಓದಿಕೊಂಡವರು, ದಾಖಲೆ ಪುಸ್ತಕದ ಮೇಲೆ ನಂಬಿಕೆ ಇಲ್ಲದವರು. ಪಟ್ಟಿ ಏನಾದರೂ ಹೇಳಲಿ, ದಾದಿಯರು, ಡಾಕ್ಟರು, ಲ್ಯಾಬಿನವರು ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿ ತಮ್ಮಲ್ಲಿ ರಕ್ಷಣೆ ಬಂದಿದೆಯೆಂದು ತೋರಿಸುವುದನ್ನು ನಿರೀಕ್ಷಿಸಲಾಗಿದೆ ಎಂದು ಬರೆಸಿದರು. ರಕ್ಷಣೆ ಇಲ್ಲದವರಿಗೆ ಮತ್ತೆ ಲಸಿಕೆ. ಎರಡು ಸುತ್ತು ಲಸಿಕೆಗೂ ದೇಹ ಬಗ್ಗದಿದ್ದರೆ ಅಂಥವರನ್ನು ಸೂಜಿ, ರಕ್ತದ ಕೆಲಸದಿಂದ ತೆಗೆದು ಬೇರೆ ಕಡೆ ಹಾಕುವುದು.

ರಕ್ತ ತೆಗೆಯುವ ದಿನ ಸೂಜಿಯಕ್ಕ ಲ್ಯಾಬಿನ ಕುರ್ಚಿಯಲ್ಲೇ ಮೂರ್ಛೆ ಹೋದರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದರು. ಪಾಪ, ಕೆಲಸ ಕೆಲಸ ಎಂದು ಹೊಟ್ಟೆ ಕಟ್ಟಿಕೊಂಡು ಸಾಯುತ್ತಾರೆ ಎಂದು ನಾವೆಲ್ಲ ಲೊಚಗುಟ್ಟಿದೆವು. ನಾನೇ ಮೇಲೆ ಓಡಿ ಬಿಸ್ಕತ್ತು ತಿನ್ನಿಸಿದೆ.

ವಾರದ ಮೇಲೆ ವರದಿ ಬಂತು. ಎಲ್ಲರದೂ ಹೆಚ್ಚು ಕಡಿಮೆ ಸರಿಯಾಗಿತ್ತು. ಸೂಜಿಯಕ್ಕನದು ಸೊನ್ನೆ. ಡಾಕ್ಟರಮ್ಮ ಹಳೆಯ ಪುಸ್ತಕಗಳನ್ನೆಲ್ಲ ತರಿಸಿ ನೋಡಿದರು: ಐದು ಸುತ್ತು, ಹದಿನೈದು ಡೋಸು, ಒಂದೂ ತಪ್ಪಿಲ್ಲ. ಮೂರಕ್ಕೆ ಬಗ್ಗದವರು ಉಂಟು, ಆರಕ್ಕೂ ಬಗ್ಗದವರು ಅಪರೂಪಕ್ಕೆ ಉಂಟು, ಹದಿನೈದಕ್ಕೂ ಬಗ್ಗದ ದೇಹ ಎಂದರೆ ಅದು ವೈದ್ಯಲೋಕದ ಸೋಜಿಗ. ಡಾಕ್ಟರಮ್ಮನಿಗೆ ನಿದ್ದೆ ಹಾರಿಹೋಯಿತು. ಇದರ ಮೇಲೆ ಪ್ರಬಂಧ ಬರೆಯುತ್ತೇನೆ ಎಂದರು. ದೊಡ್ಡ ಸಾಹೇಬರಿಗೆ ಸುದ್ದಿ ಮುಟ್ಟಿದ್ದೇ ತಡ, ಪ್ರಬಂಧದಲ್ಲಿ ತಮ್ಮ ಹೆಸರು ಎಷ್ಟನೆಯದು ಎಂದು ವಿಚಾರಿಸಿದರು. ಸೂಜಿಯಕ್ಕನ ಫೋಟೋ ತೆಗೆದರು, ಎದುರಿನಿಂದ ಒಂದು, ಪಕ್ಕದಿಂದ ಒಂದು, ಯಾಕೋ ತೋಳಿನದು ಇನ್ನೊಂದು. ಪರೀಕ್ಷೆಗೆ ಇನ್ನೂ ಆರು ಸೀಸೆ ರಕ್ತ ಬೇಕು, ವಿಜ್ಞಾನಕ್ಕಾಗಿ ಸಹಕಾರ ನಿರೀಕ್ಷಿಸಲಾಗಿದೆ ಎಂದರು. ಆಕೆಯ ಮುಖ ಒಗೆದ ಬೆಡ್‌ಶೀಟಿನ ಹಾಗೆ ಬಿಳಿಚಿಕೊಂಡಿತು.

ಸೋಜಿಗವೇನೋ ಸರಿ, ನಿಯಮ ನಿಯಮವೇ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸೂಜಿಯಕ್ಕ ಹಳೆಯ ಕಡತಗಳ ಕೋಣೆಗೆ ಹೋಗಬೇಕೆಂದು ಆದೇಶ ಟೈಪಾಯಿತು. ನಿವೃತ್ತಿಗೆ ಇನ್ನು ಎರಡು ವರ್ಷ. ಆ ಎರಡು ವರ್ಷವನ್ನು ಧೂಳು ಕೊಡವುತ್ತ, ಮಗುವಿನ ಮುಖ ನೋಡದೆ ಕಳೆಯಬೇಕು. ಹದಿನೈದಕ್ಕೆ ಬಗ್ಗದ ದೇಹಕ್ಕೆ ಹದಿನಾರನೆಯದು ದಂಡ ಎಂದು ಲಸಿಕೆಯನ್ನೂ ಹಾಕುವುದಿಲ್ಲವಂತೆ. ಅಂದರೆ ಇಷ್ಟೂ ವರ್ಷ ಬರಿಮೈಯಲ್ಲಿ ಸೂಜಿಗಳ ನಡುವೆ ನಿಂತ ಹೆಂಗಸು ಇನ್ನು ಮುಂದೆಯೂ ಬರಿಮೈ. ನೆಲಮಾಳಿಗೆಯಲ್ಲಿ ಈ ಸುದ್ದಿ ಕೇಳಿ ನನಗೆ ಮೈ ಉರಿಯಿತು. ಗಾಡಿಯನ್ನು ಅಲ್ಲೇ ಬಿಟ್ಟು ಎರಡನೇ ಮಹಡಿಗೆ ಹತ್ತಿದೆ.

ಸೂಜಿಯಕ್ಕ ಫ್ರಿಜ್ಜಿನ ಮುಂದೆ ನಿಂತು ಉಷ್ಣಾಂಶ ಬರೆಯುತ್ತಿದ್ದರು. ನಿಜ ಹೇಳಿಬಿಡಿ, ಯಾಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೀರಿ ಎಂದು ನಾನು ಜಗಳಕ್ಕೇ ನಿಂತೆ. ಹೇಳಿದರೆ ಸುಳ್ಳು ದಾಖಲೆ ಬರೆದೆ ಎಂದು ಕೆಲಸದಿಂದಲೇ ತೆಗೆಯುತ್ತಾರೆ ಎಂದರು. ಅದಕ್ಕೂ ಹೆದರುವುದಿಲ್ಲ, ಯಾರ್ಯಾರಿಗೆ ಹಾಕಿದೆ ಎಂದು ಕೇಳುತ್ತಾರಲ್ಲ, ಗುತ್ತಿಗೆಯವರನ್ನು ಮನೆಗೆ ಕಳಿಸಲು ಅವರಿಗೆ ಅರ್ಧ ಹಾಳೆ ಸಾಕು ಎಂದರು.

"ನೀನು ಕೆಳಗೆ ಹೋಗಿ ಬಟ್ಟೆ ಒಗಿ. ಇದು ನನ್ನ ತಲೆನೋವು."

"ನಿಮ್ಮ ತಲೆನೋವು ನಮ್ಮ ಮೈಯಲ್ಲಿ ಓಡಾಡ್ತಿದೆ ಅಕ್ಕ."

ನನ್ನ ಬಾಯಿಗೆ ಇಂಥ ಮಾತು ಹೇಗೆ ಬಂತೋ ಗೊತ್ತಿಲ್ಲ. ಕೆಳಗೆ ಹೋಗಿ ಉಳಿದ ನಾಲ್ವರಿಗೆ ಹೇಳಿದೆ. ಇಸ್ತ್ರಿಯವಳು ಮೊದಲು ಅಳುಕಿದಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಆಮೇಲೆ ಇಸ್ತ್ರಿ ಯಂತ್ರ ಆರಿಸಿ ಕೈ ಒರೆಸಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಹಗಲು ಹೊತ್ತು ಆ ಯಂತ್ರ ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

ಐವರೂ ಡಾಕ್ಟರಮ್ಮನ ಬಾಗಿಲಲ್ಲಿ ಸಾಲಾಗಿ ನಿಂತೆವು, ಏಪ್ರನ್ನಿನಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಲಾಂಡ್ರಿಯವರಿಗೆ ಈ ಪರೀಕ್ಷೆ ಇಲ್ಲ, ಲಸಿಕೆಯೇ ಹಾಕಿಸಿಕೊಳ್ಳದವರಿಗೆ ಪರೀಕ್ಷೆ ಯಾಕೆ ಎಂದು ಅವರು ಸಮಾಧಾನವಾಗಿಯೇ ಹೇಳಿದರು.

"ನಮ್ಮ ರಕ್ತ ಒಂದ್ಸಲ ನೋಡಿ ಡಾಕ್ಟ್ರೇ," ಎಂದೆ. "ಸಿಸ್ಟರ್ ತಗೊಂಡ ಹದಿನೈದು ಡೋಸ್ ಎಲ್ಲಿ ಹೋಯ್ತು ಅಂತ ಗೊತ್ತಾಗುತ್ತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಓದಿಕೊಂಡವರಿಗೂ ಬುದ್ಧಿ ಇರುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೇ. ನಮ್ಮ ಐದು ಏಪ್ರನ್ನುಗಳನ್ನು ಎಣಿಸಿದರು, ಪುಸ್ತಕಗಳ ರಾಶಿ ನೋಡಿದರು, ಹದಿನೈದನ್ನು ಐದರಿಂದ ಭಾಗಿಸಿದ್ದು ಅವರ ಮುಖದಲ್ಲೇ ಕಾಣಿಸಿತು. ತಾವೇ ನಮ್ಮ ರಕ್ತ ತೆಗೆದರು. ನಾಲ್ವರಲ್ಲಿ ರಕ್ಷಣೆ ಭರ್ಜರಿಯಾಗಿತ್ತು, ಐದನೆಯವಳಲ್ಲಿ ಸಾಧಾರಣವಾಗಿತ್ತು, ಆದರೂ ಸಾಕಷ್ಟಿತ್ತು. ವೈದ್ಯಲೋಕದ ಸೋಜಿಗ ಅಲ್ಲಿಗೆ ಮಣ್ಣುಪಾಲಾಯಿತು. ಪ್ರಬಂಧ ಹೋದದ್ದಕ್ಕೆ ಆ ಹುಡುಗಿಗೆ ಬೇಸರವಾಯಿತೋ ಏನೋ, ತೋರಿಸಿಕೊಳ್ಳಲಿಲ್ಲ.

ದೊಡ್ಡ ಸಾಹೇಬರು ಮಾತ್ರ ಕೆಂಡವಾದರು. ಸೂಜಿಯಕ್ಕನನ್ನೂ ನಮ್ಮನ್ನೂ ಅವರ ಕೋಣೆಗೆ ಕರೆಸಿದರು. ವಿಚಾರಣೆ ಎಂದರು, ಶಿಸ್ತು ಎಂದರು, ಮೇಜು ಗುದ್ದಿದರು. ಸೂಜಿಯಕ್ಕ ಎಲ್ಲ ನನ್ನದೇ ತಪ್ಪು ಎಂದು ತಲೆ ತಗ್ಗಿಸಿ ನಿಂತಿದ್ದರು. ಆಗ ಡಾಕ್ಟರಮ್ಮ ಬಲು ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು: ವಿಚಾರಣೆಯ ವರದಿಯಲ್ಲಿ ಲಾಂಡ್ರಿಯವರನ್ನು ಹತ್ತು ವರ್ಷ ಪಟ್ಟಿಯಿಂದ ಹೊರಗಿಟ್ಟವರು ಯಾರು ಎಂದು ಬರೆಯಬೇಕಾಗುತ್ತದೆ, ಅದನ್ನು ಹೇಗೆ ಬರೆಯಲಿ ಸರ್? ಸಾಹೇಬರ ಮುಷ್ಟಿ ಮೇಜಿನ ಮೇಲೆ ಅರ್ಧದಲ್ಲಿ ನಿಂತಿತು. ಆ ಪಟ್ಟಿಯ ಕೆಳಗೆ ಐದು ಸಲವೂ ಇದ್ದದ್ದು ಅವರದೇ ಸಹಿ.

ಮೂರು ದಿನದಲ್ಲಿ ಹೊಸ ಹಾಳೆ ಬಂತು. ಆಸ್ಪತ್ರೆಯ ದೂರದೃಷ್ಟಿಯ ಫಲವಾಗಿ ಲಾಂಡ್ರಿ ವಿಭಾಗದಲ್ಲಿ ಶೇಕಡಾ ನೂರು ರಕ್ಷಣೆ ಸಾಧಿಸಲಾಗಿದೆ ಎಂದು ದೊಡ್ಡ ಅಕ್ಷರದಲ್ಲಿತ್ತು. ಇನ್ನು ಮುಂದೆ ಬಟ್ಟೆ ಒಗೆಯುವವರೂ ಕಸ ಹೊರುವವರೂ ಪಟ್ಟಿಯಲ್ಲಿ ಇರುತ್ತಾರೆ. ಸೂಜಿಯಕ್ಕನಿಗೆ ಒಂದು ಎಚ್ಚರಿಕೆ ಪತ್ರ, ಕಡತದ ಕೋಣೆಯ ಆದೇಶ ರದ್ದು. ಕೆಳಗೆ ಒಂದೇ ಷರತ್ತು: ಆಕೆ ಇನ್ನೊಬ್ಬರಿಗೆ ಸೂಜಿ ಹಿಡಿಯುವ ಮೊದಲು, ಡಾಕ್ಟರಮ್ಮನ ಎದುರಿಗೇ, ತಾವು ಮೊದಲ ಡೋಸು ಹಾಕಿಸಿಕೊಂಡಿರಬೇಕು. ಇದನ್ನು ಓದಿ ನಾವು ಕುಣಿದಾಡಿದೆವು. ಸೂಜಿಯಕ್ಕ ಕುಣಿಯಲಿಲ್ಲ. ಸೋಮವಾರ ನೀನು ಬರುತ್ತೀಯಲ್ಲ ಎಂದು ನನ್ನನ್ನು ಎರಡು ಸಲ ಕೇಳಿದರು.

ಸೋಮವಾರ ನಾನು ಹೋದಾಗ ಆಕೆ ಆ ಪ್ಲಾಸ್ಟರ್ ಸುತ್ತಿದ ಕುರ್ಚಿಯಲ್ಲಿ ಕೂತಿದ್ದರು. ಅದು ಲಸಿಕೆ ಹಾಕಿಸಿಕೊಳ್ಳುವವರ ಕುರ್ಚಿ; ಇಪ್ಪತ್ತನಾಲ್ಕು ವರ್ಷದಲ್ಲಿ ಆಕೆ ಅದರಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಹಣೆಯ ಮೇಲೆ ಬೆವರು. ಡಾಕ್ಟರಮ್ಮ ಬೆನ್ನು ತಿರುಗಿಸಿ ಔಷಧಿ ಎಳೆದುಕೊಳ್ಳುತ್ತಿದ್ದರು. ಸೂಜಿಯಕ್ಕ ನನ್ನ ಕೈಯನ್ನು ಗಪ್ಪನೆ ಹಿಡಿದುಕೊಂಡರು, ಬಟ್ಟೆ ಹಿಂಡುವ ನನ್ನ ಕೈಗೇ ನೋವಾಗುವಷ್ಟು.

"ನಂಗೆ ಸೂಜಿ ಅಂದ್ರೆ ಭಯ ಕಣೇ," ಎಂದರು.

ನಾನು ನಗಲು ಹೋದೆ. ಆಕೆ ನಗಲಿಲ್ಲ.

"ಸಣ್ಣವಳಿದ್ದಾಗಿಂದ. ಹಾಕೋಕೆ ಭಯ ಇಲ್ಲ. ನನಗೆ ಹಾಕ್ತಾರೆ ಅಂದ್ರೆ ಜೀವ ಹೋಗುತ್ತೆ. ಅವತ್ತು ನೀನು ಬೆರಳು ಹಿಡ್ಕೊಂಡು ಬಂದೆಯಲ್ಲ, ಅರ್ಧ ಗಂಟೆಯಿಂದ ತೋಳು ಮಡಚ್ಕೊಂಡು ಕೂತಿದ್ದೆ. ಚುಚ್ಕೊಳ್ಳೋಕೆ ಆಗ್ತಿರಲಿಲ್ಲ. ನಿನ್ನ ನೋಡಿ ಬದುಕಿದೆ ಅನ್ನಿಸ್ತು."

ಮೂರ್ಛೆ, ಬಿಸ್ಕತ್ತು, ಯೂನಿಫಾರ್ಮಿನ ಗುಂಡಿ, ಎಲ್ಲ ಒಂದೊಂದಾಗಿ ನನ್ನ ತಲೆಯೊಳಗೆ ಬಂದು ಕೂತವು. ಸುಳ್ಳು ಯಾಕೆ ಹೇಳಲಿ, ನನಗೆ ಸಿಟ್ಟು ಬಂತು. ಹತ್ತು ವರ್ಷ ತ್ಯಾಗಮೂರ್ತಿ ಎಂದು ಹೊತ್ತು ಮೆರೆಸಿದ್ದು ಒಂದು ಹೆದರುಪುಕ್ಕಲಿಯನ್ನೇ? ನಾಲ್ವರಿಗೆ ಹೋಗಿ ಏನು ಹೇಳಲಿ? ಕೈ ಬಿಡಿಸಿಕೊಳ್ಳಬೇಕು ಎನ್ನಿಸಿತು, ಆಕೆ ಬಿಡಲಿಲ್ಲ.

ಆಮೇಲೆ ಇನ್ನೊಂದು ಯೋಚನೆ ಬಂತು. ಅವತ್ತು ನಾನು ಹೋದದ್ದು ಅಕಸ್ಮಾತ್ತು, ಸರಿ. ಆಮೇಲಿನ ಹದಿನಾಲ್ಕು? ಭಯವಷ್ಟೇ ಆಗಿದ್ದರೆ ಮೊದಲ ಸಾಲಿನಲ್ಲಿ ಹೆಸರು ಬರೆದು, ಔಷಧಿಯನ್ನು ಎರಡು ಹೆಜ್ಜೆ ದೂರದ ಸಿಂಕಿಗೆ ಚೆಲ್ಲಿ ಬಾಗಿಲು ತೆರೆಯಬಹುದಿತ್ತು. ಯಾವ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಈಕೆ ಪ್ರತಿ ಸಲವೂ ನಮ್ಮಲ್ಲಿ ಯಾರು ಬಾಕಿ ಎಂದು ನೆನಪಿಟ್ಟು, ಹೇಳಿಕಳಿಸಿ, ಸಿಕ್ಕಿಬೀಳುವ ಅಪಾಯ ಹೊತ್ತು, ಪರದೆಯ ಹಿಂದೆ ಕೂರಿಸಿದ್ದರು. ಇದನ್ನೇ ಕೇಳಿದೆ.

"ಸಿಂಕಿಗೆ ಚೆಲ್ಲಬಹುದಿತ್ತಲ್ಲ ಅಕ್ಕ?"

ಆಕೆ ಕಣ್ಣು ಬಿಟ್ಟು ನನ್ನನ್ನು ನೋಡಿದರು, ಹೆತ್ತ ಮಗುವನ್ನು ಚರಂಡಿಗೆ ಎಸೆ ಎಂದೆನೋ ಎಂಬಂತೆ.

"ಲಸಿಕೆ ಯಾರಾದ್ರೂ ಚೆಲ್ತಾರೇನೇ?"

ಅಷ್ಟರಲ್ಲಿ ಡಾಕ್ಟರಮ್ಮ ಪಕ್ಕಕ್ಕೆ ಬಂದು ನಿಂತಿದ್ದರು. ನಾನು ಸೂಜಿಯಕ್ಕನ ತಲೆಯನ್ನು ನನ್ನ ಒದ್ದೆ ಏಪ್ರನ್ನಿಗೆ ಒತ್ತಿಕೊಂಡೆ. ಇರುವೆ ಕಚ್ಚಿದ ಹಾಗೆ, ಅಷ್ಟೇ ಎಂದೆ. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. ಆಕೆಗೆ ಕಣ್ಣಲ್ಲಿ ನೀರು.

"ಇರುವೆ ಅಲ್ಲ ಕಣೇ," ಎಂದರು. "ಇಷ್ಟು ವರ್ಷ ಆ ಮಕ್ಕಳಿಗೆ ಎಂಥ ಸುಳ್ಳು ಹೇಳ್ಬಿಟ್ಟೆ."

ಹೊರಗೆ ಸಾಲು ಬೆಳೆಯುತ್ತಿತ್ತು, ಕಸದ ಗಾಡಿಯವರು ಮೊದಲ ಸಲ ಬಂದು ನಿಂತಿದ್ದರು. ಸೂಜಿಯಕ್ಕ ಮೂಗು ಒರೆಸಿಕೊಂಡು ಪುಸ್ತಕ ಎಳೆದುಕೊಂಡರು. ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದರು. ಎಷ್ಟನೇ ಡೋಸು ಎಂಬ ಜಾಗದಲ್ಲಿ ಅಭ್ಯಾಸಬಲದಿಂದ ಹದಿನಾರು ಎಂದು ಬರೆದು, ಒಂದು ಗಳಿಗೆ ನೋಡಿ, ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದು ಎಂದು ಬರೆದರು. ಆಮೇಲೆ ಮುಂದಿನ ತಿಂಗಳ ಸೋಮವಾರಕ್ಕೆ ನನ್ನ ಪಾಳಿಯನ್ನು ಬೇರೆ ಯಾರಿಗೂ ಕೊಡಬಾರದೆಂದು ತಾಕೀತು ಮಾಡಿ, ಎದ್ದು ಹೋಗಿ ಬಾಗಿಲು ತೆರೆದರು.